ಕೊಂಬಕ್ಕನ ತಪ್ಪು–ಒಪ್ಪು

ನಮ್ಮ ಪ್ರಕಾಶನದ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದ ಹೆಂಗಸನ್ನು ಎಲ್ಲರೂ ಕೊಂಬಕ್ಕ ಎನ್ನುತ್ತಿದ್ದರು. ಅವರಿಗೆ ಕೊಂಬು ಬಂದಿತ್ತು ಎಂದಲ್ಲ. ಕೊಂಬು ಬಂದವರು ನಮ್ಮಲ್ಲಿ ಬೇರೆ ಬೇಕಾದಷ್ಟು ಮಂದಿ ಇದ್ದರು, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಕೆ ಅಕ್ಷರಕ್ಕೆ ಹಚ್ಚುವ ಕೊಂಬಿನ ಹಿಂದೆ ಬಿದ್ದವರು. 'ಗುರು' ಎಂದಿರಬೇಕಾದಲ್ಲಿ 'ಗರು' ಎಂದಿದ್ದರೆ ಹಾಳೆ ಹಿಡಿದು ನೇರ ನನ್ನ ಬಳಿ ಬರುತ್ತಿದ್ದರು. ಯಾಕೆಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವನು ನಾನು.

"ಗುರುವಿನ ಕೊಂಬು ಎಲ್ಲಪ್ಪ ಹೋಯ್ತು? ನಿನ್ನ ತಲೆ ಮೇಲೇನಾದ್ರೂ ಇದೆಯಾ, ನೋಡ್ಕೋ" ಎನ್ನುತ್ತಿದ್ದರು. ನಾನು ನಿಜಕ್ಕೂ ಒಂದೆರಡು ಸಲ ತಲೆ ಸವರಿಕೊಂಡಿದ್ದೇನೆ.

ಕೊಂಬಕ್ಕ ಕೂರುತ್ತಿದ್ದದ್ದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಮೇಲೆ ಯಾರಾದರೂ ಹತ್ತಿದರೆ ಅವರ ಮೇಜಿನ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ಅದನ್ನು ಊದಿ ಮತ್ತೆ ಓದುತ್ತಿದ್ದರು. ಒಂದು ದೀಪ, ಒಂದು ಮರದ ಅಳತೆಪಟ್ಟಿ, ಬ್ಲೇಡಿನಿಂದ ಹೆರೆದ ಕೆಂಪು ಪೆನ್ಸಿಲ್‌ಗಳು, ನೀರಿನ ಲೋಟ. ನಾನು ಕಂಡ ಹನ್ನೊಂದು ವರ್ಷಗಳಲ್ಲಿ ಆ ಮೇಜಿಗೆ ಇನ್ನೊಂದು ವಸ್ತು ಬರಲಿಲ್ಲ. ನಾನು ಸೇರುವಾಗಲೇ ಅವರು ಅಲ್ಲಿ ಹದಿನೈದು ವರ್ಷ ಕಳೆದಿದ್ದರು. ಅಳತೆಪಟ್ಟಿಯನ್ನು ಸಾಲಿನ ಕೆಳಗಿಟ್ಟು, ಒಂದೊಂದೇ ಸಾಲು ಜರುಗಿಸುತ್ತಾ, ತುಟಿಯಾಡಿಸಿಕೊಂಡು ಓದುತ್ತಿದ್ದರು. ತಪ್ಪಿಲ್ಲದ ಪುಟ ಸಿಕ್ಕರೆ ಅಡಿಯಲ್ಲಿ 'ಸರಿ' ಎಂದು ಬರೆಯುತ್ತಿದ್ದರು. ಸರಿ ಇದ್ದದ್ದನ್ನೇ ಅಪ್ಪಿತಪ್ಪಿ ತಿದ್ದಿಬಿಟ್ಟರೆ ಅದರ ಕೆಳಗೆ ಚುಕ್ಕಿ ಇಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತಿದ್ದರು. ನಮ್ಮ ಕಚೇರಿಯ ಪದ್ಧತಿಯಲ್ಲಿ 'ಇರಲಿ' ಎಂದರೆ, ನನ್ನ ಗುರುತನ್ನು ಲೆಕ್ಕಕ್ಕೆ ಹಿಡಿಯಬೇಡ, ಮೊದಲಿದ್ದ ಹಾಗೇ ಬಿಡು ಎಂದರ್ಥ. ಕೊಂಬಕ್ಕನ ಹಾಳೆಗಳಲ್ಲಿ 'ಇರಲಿ' ವರ್ಷಕ್ಕೆ ಒಂದೋ ಎರಡೋ ಸಿಕ್ಕರೆ ಹೆಚ್ಚು.

ಅವರು ಮದುವೆಯಾಗಿರಲಿಲ್ಲ. ತಮ್ಮನ ಮನೆಯಲ್ಲಿ, ಮಹಡಿ ಮೇಲಿನ ಒಂದು ಕೋಣೆಯಲ್ಲಿ ಇದ್ದರು. ತಮ್ಮನ ಹೆಂಡತಿ ಬಾಯಿ ಜೋರಿನ ಹೆಂಗಸು, ಆದರೆ ಅತ್ತಿಗೆಯ ಕೆಲಸದ ಮೇಲೆ ಅವಳಿಗೊಂದು ಹೆಮ್ಮೆ ಇತ್ತು. ಅಕ್ಕಪಕ್ಕದವರ ಮುಂದೆ, "ನಮ್ಮ ಅತ್ತಿಗೆ ಕಣ್ಣಿಗೆ ಬೀಳದೆ ಒಂದಕ್ಷರ ಅಚ್ಚಾಗಲ್ಲ" ಎಂದು ಹೇಳಿಕೊಳ್ಳುತ್ತಿದ್ದಳು. ಮಕ್ಕಳ ಶಾಲೆಯ ಚೀಟಿ, ಔಷಧಿ ಡಬ್ಬಿಯ ಮೇಲಿನ ಸೂಚನೆ, ಎದುರುಮನೆಯವರ ಮನೆ ಬಾಡಿಗೆಗಿದೆ ಎನ್ನುವ ಬೋರ್ಡು, ಎಲ್ಲವೂ ಮೊದಲು ಮಹಡಿ ಹತ್ತಿ ಕೊಂಬಕ್ಕನ ಕೈ ಮುಟ್ಟಿ ಬರಬೇಕಿತ್ತು. ಆ ಮನೆಯಲ್ಲಿ ಅವರಿಗಿದ್ದ ಜಾಗ ಆ ಕೋಣೆಯಲ್ಲ, ತಮ್ಮನ ಹೆಂಡತಿಯ ಆ ಹೆಮ್ಮೆಯ ಮಾತು.

ಇನ್ನು ಕೊಂಬು ಬಂದವರ ವಿಷಯ.

ನಮ್ಮ ಯಜಮಾನರು ಮೊದಲು ಶಾಲೆಯ ವ್ಯಾಕರಣ, ಲೆಕ್ಕದ ಪುಸ್ತಕ ಅಚ್ಚು ಹಾಕಿಸುತ್ತಿದ್ದ ಮರ್ಯಾದಸ್ಥರು. ಯಾರೋ ಅವರ ಕಿವಿಯಲ್ಲಿ ಮಾಯಾಲೋಕದ ಕಾದಂಬರಿ ಎಂಬ ಹುಳ ಬಿಟ್ಟರು. ಅಂದಿನಿಂದ ನಮ್ಮ ಕಚೇರಿಗೆ ರೆಕ್ಕೆಯ ಕುದುರೆ, ಮಾತಾಡುವ ಕತ್ತಿ, ಏಳು ಬೀಗದ ಗವಿ ಎಲ್ಲ ಮೆರವಣಿಗೆಯಲ್ಲಿ ಬಂದವು. ಬರಲಿ, ನನಗೆ ಅವುಗಳ ಮೇಲೆ ಸಿಟ್ಟಿಲ್ಲ. ಹಳೆಯ ಕತೆಗಳಲ್ಲಿ ರಾಕ್ಷಸ ಎಂದರೆ ರಾಕ್ಷಸ. ಊರು ನುಂಗುತ್ತಿದ್ದ, ಕೊನೆಗೆ ಸಾಯುತ್ತಿದ್ದ, ಮಗು ನಿದ್ದೆ ಹೋಗುತ್ತಿತ್ತು. ಈಗಿನ ರಾಕ್ಷಸನಿಗೆ ಬಾಲ್ಯ ಇದೆ. ಚಿಕ್ಕಂದಿನಲ್ಲಿ ಅವನಿಗೆ ಯಾರೋ ತಿಂಡಿ ಕೊಡಲಿಲ್ಲವಂತೆ, ಅದಕ್ಕೆ ಈಗ ಊರು ಸುಡುತ್ತಾನಂತೆ. ನಾಯಕನಿಗೂ ಒಂದು ಗುಟ್ಟಿನ ಪಾಪ ಇರಲೇಬೇಕು, ಇಲ್ಲದಿದ್ದರೆ ಅವನು ಚಪ್ಪೆಯಂತೆ. ಇಬ್ಬರನ್ನೂ ಒಂದೇ ಬಕೆಟಿಗೆ ಹಾಕಿ ಕಲಸಿ, ಬಂದ ಬಣ್ಣಕ್ಕೆ ಬೂದು ಎಂದು ಹೆಸರಿಟ್ಟು, ಇದೇ ಬದುಕಿನ ಸತ್ಯ ಎಂದು ಹಿಂಬದಿಯ ರಕ್ಷಾಪುಟದಲ್ಲಿ ಹಾಕುತ್ತಾರೆ. ಬದುಕಿನ ಸತ್ಯವಂತೆ! ಇವರು ತರಕಾರಿ ಕೊಳ್ಳುವಾಗ ಕೊಳೆತದ್ದು ಯಾವುದು, ತಾಜಾ ಯಾವುದು ಎಂದು ಒಂದು ಗಳಿಗೆಯಾದರೂ ಅನುಮಾನ ಪಡುತ್ತಾರೆಯೇ?

ತಮಾಷೆ ಏನೆಂದರೆ, ನಮ್ಮ ಲೇಖಕ ಮಹಾಶಯರಿಗೆ ಈ ಬೂದು ಕಲಸುವುದೂ ಬರುತ್ತಿರಲಿಲ್ಲ. ಅವರು ಬರೆದದ್ದು ಹಳೆಯ ಕಾಲದ ಸಪ್ಪೆ ಕತೆ. ಬೆಳಗಿನ ಯೋಧ ಎಂಬ ಒಳ್ಳೆಯವನು, ಕರಿಗವಿಯ ಒಡೆಯ ಎಂಬ ಕೆಟ್ಟವನು. ಮೂರು ಸಂಪುಟ. ಮೊದಲನೆಯದು ಗೋದಾಮಿನಲ್ಲಿ ಇಲಿಗಳಿಗೆ ಹಾಸಿಗೆಯಾಗಿತ್ತು. ಎರಡನೆಯದರ ಕೊನೆಯಲ್ಲಿ ಕರಿಗವಿಯ ಒಡೆಯ ಹೊಳೆಯಾಚೆಯ ಪಟ್ಟಣವನ್ನು ನಾಶ ಮಾಡುತ್ತಾನೆ. ಕೊನೆಯ ಮೂರು ವಾಕ್ಯಗಳು ಹೀಗಿದ್ದವು:

'ಕರಿಗವಿಯ ಒಡೆಯ ಕೈ ಎತ್ತಿದ. ಪಟ್ಟಣದ ಕಡೆ ಒಮ್ಮೆ ನೋಡಿದ. ಆಮೇಲೆ ಅದನ್ನು ಅಳಿಸಿದ.'

ಮಹಾಶಯರು ತಮ್ಮ ಕರಡನ್ನು ತಾವು ಓದುತ್ತಿರಲಿಲ್ಲ. "ನಾನು ಬರೆಯೋನು, ಓದೋನಲ್ಲ" ಎಂದು ಎದೆ ತಟ್ಟಿ ಹೇಳುತ್ತಿದ್ದರು. ಕೊನೆಯ ಹಾಳೆಯನ್ನು ಮುದ್ರಣಕ್ಕೆ ಹೋಗುವ ದಿನ ಮಧ್ಯಾಹ್ನ ತಂದುಕೊಟ್ಟರು. ಬೇರೆ ಪುಟಗಳಿಗೆಲ್ಲ ಮೂರು ಕರಡು ಆಗಿತ್ತು, ಈ ಪುಟಕ್ಕೆ ಒಂದೇ. ಪುಟ ಮುನ್ನೂರ ಹನ್ನೆರಡು. ನಾನು ಟೈಪ್ ಮಾಡಿ, ಪ್ರಿಂಟ್ ತೆಗೆದು ಕೊಟ್ಟೆ. ಕೊಂಬಕ್ಕ ಎರಡು ಕಡೆ ಕೆಂಪು ಹಾಕಿದರು. ನಾಲ್ಕನೇ ಸಾಲಿನಲ್ಲಿ ಒಂದು ಕೊಂಬು ಬಿಟ್ಟುಹೋಗಿತ್ತು. ಒಂಬತ್ತನೇ ಸಾಲಿನಲ್ಲಿ ನಾನು 'ಅಳಿಸಿದ' ಎನ್ನುವುದನ್ನು 'ಉಳಿಸಿದ' ಎಂದು ಹೊಡೆದಿದ್ದೆ. ಅವರು ಉ ಮೇಲೆ ಅಡ್ಡಗೆರೆ ಎಳೆದು ಅಂಚಿನಲ್ಲಿ ದೊಡ್ಡದಾಗಿ ಅ ಎಂದು ಬರೆದಿದ್ದರು.

ನಾನು ಕೊಂಬು ಹಾಕಿದೆ. ಅಷ್ಟರಲ್ಲಿ ಮುದ್ರಣಾಲಯದಿಂದ ಫೋನು ಬಂತು, ಫೈಲು ಎಲ್ಲಿ, ಯಂತ್ರ ಖಾಲಿ ನಿಂತಿದೆ ಎಂದು ಕೂಗಾಡಿದರು. ನಾನು ಗಾಬರಿಯಲ್ಲಿ ಕಳಿಸಿಬಿಟ್ಟೆ.

ಪುಸ್ತಕ ಬಂದ ದಿನ ತಪ್ಪನ್ನು ಮೊದಲು ಕಂಡದ್ದು ಕೊಂಬಕ್ಕನೇ. ಹೊಸ ಪುಸ್ತಕ ಕೈಗೆ ಬಂದರೆ ಕೊನೆಯ ಪುಟದಿಂದ ನೋಡುವುದು ಅವರ ಅಭ್ಯಾಸ. ಪುಸ್ತಕ ಹಿಡಿದು ತಾವೇ ಯಜಮಾನರ ಕೋಣೆಗೆ ಹೋದರು. ಲೇಖಕ ಮಹಾಶಯರೂ ಅಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನನ್ನನ್ನೂ ಕರೆಸಿದರು.

"ತಪ್ಪಾಗಿದೆ" ಎಂದರು ಕೊಂಬಕ್ಕ. "ನಾನು ತಿದ್ದಿದ್ದೆ. ಕರಡಿನ ಕಟ್ಟು ತೆಗೆಸಿ ನೋಡಿ."

ಮಹಾಶಯರು ಕೂತಲ್ಲಿಂದ ಹಾರಿದರು. "ಮೂರನೇ ಸಂಪುಟ ಶುರುವಾಗೋದೇ ಸುಟ್ಟ ಪಟ್ಟಣದಿಂದ! ನನ್ನ ರಾಕ್ಷಸ ಊರು ಉಳಿಸೋದಾ? ನನ್ನ ಮಾನ ಹೋಯ್ತು!"

ಕರಡಿನ ಕಟ್ಟು ಎಂದರೆ ತಿದ್ದಿದ ಹಾಳೆಗಳನ್ನೆಲ್ಲ ದಾರ ಕಟ್ಟಿ ಕಪಾಟಿನಲ್ಲಿಡುವುದು. ತಕರಾರು ಬಂದರೆ ಅದೇ ಸಾಕ್ಷಿ. ಕಟ್ಟು ತರಲು ನನ್ನನ್ನೇ ಕಳಿಸಿದರು. ಬೆಕ್ಕಿಗೆ ಹಾಲು ಕಾಯಲು ಹೇಳಿದ ಹಾಗಾಯಿತು. ಕಪಾಟಿನ ಮುಂದೆ ನಿಂತು ದಾರ ಬಿಚ್ಚಿದೆ. ಪುಟ ಮುನ್ನೂರ ಹನ್ನೆರಡು ಎಲ್ಲದಕ್ಕಿಂತ ಮೇಲೆ ಇತ್ತು. ಕೆಂಪು ಅ ನನ್ನ ಮುಖಕ್ಕೆ ಹೊಡೆಯಿತು. ಹಿಂದಿನ ವರ್ಷ ನಾನು ಒಂದು ಪುಸ್ತಕದ ಎರಡು ಅಧ್ಯಾಯ ಅದಲು ಬದಲು ಮಾಡಿದ್ದೆ, ಇನ್ನೊಂದು ತಪ್ಪಾದರೆ ಮನೆಗೆ ಹೋಗು ಎಂದು ಯಜಮಾನರು ಎಚ್ಚರಿಸಿದ್ದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ತೂರಿಸಿದೆ. ದಾರ ಮತ್ತೆ ಕಟ್ಟಿದೆ. ಗಂಟು ಕೂಡ ಮೊದಲಿನ ಹಾಗೇ ಹಾಕಿದೆ.

ಕಟ್ಟು ಬಿಚ್ಚಿದರು. ಕೊನೆಯ ಹಾಳೆ ಇರಲಿಲ್ಲ. ಯಜಮಾನರು ನನ್ನನ್ನು ನೋಡಿದರು.

"ಆ ಪುಟದಲ್ಲಿ ಒಂದೇ ತಿದ್ದುಪಡಿ ಇತ್ತು ಸರ್. ನಾಲ್ಕನೇ ಸಾಲಲ್ಲಿ ಒಂದು ಕೊಂಬು. ಹಾಕಿದೀನಿ" ಎಂದೆ. ನೋಡಿ, ಸುಳ್ಳು ಹೇಳುವವನು ಹೇಗೆ ಅರ್ಧ ಸತ್ಯವನ್ನು ಮುಂದೆ ಇಟ್ಟುಕೊಳ್ಳುತ್ತಾನೆ.

ಕೊಂಬಕ್ಕ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ಇಲ್ಲಪ್ಪ, ಎರಡಿತ್ತು. ನೆನಪು ಮಾಡ್ಕೋ" ಎಂದರು. ನಾನು ಮರೆತಿದ್ದೇನೆ ಎಂದೇ ಅವರು ನಂಬಿದ್ದರು. ನಾನು ನೆಲ ನೋಡಿದೆ.

ಯಜಮಾನರು, ವಯಸ್ಸಾಯ್ತು, ಕಣ್ಣು ಮೊದಲಿನ ಹಾಗಿಲ್ಲ, ಈಗ ಕಾಗುಣಿತ ನೋಡೋಕೆ ಕಂಪ್ಯೂಟರಲ್ಲೇ ವ್ಯವಸ್ಥೆ ಇದೆ ಎಂದೆಲ್ಲ ಶುರುಮಾಡಿದರು. 'ಉಳಿಸಿದ' ಎಂಬುದರ ಕಾಗುಣಿತದಲ್ಲಿ ಯಾವ ತಪ್ಪೂ ಇಲ್ಲ, ನಿಮ್ಮ ಕಂಪ್ಯೂಟರು ಸಾವಿರ ವರ್ಷ ನೋಡಿದರೂ ಅದನ್ನು ಹಿಡಿಯುವುದಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಹೇಳಬೇಕಾದವನು ಹಾಳೆಯನ್ನು ಹೊಟ್ಟೆಗೆ ಅವಚಿಕೊಂಡು ನಿಂತಿದ್ದ. ಕೊಂಬಕ್ಕ ಮೆಟ್ಟಿಲ ಕೆಳಗೆ ಹೋಗಿ ಅಳತೆಪಟ್ಟಿ, ಪೆನ್ಸಿಲ್, ಲೋಟ ಚೀಲಕ್ಕೆ ಹಾಕಿಕೊಂಡರು. ದೀಪ ಕಚೇರಿಯದ್ದು. ಅದನ್ನು ಆರಿಸಿ ಹೋದರು.

ಮೂರು ವಾರ ಕಳೆಯಿತು. ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮೊದಲು ಓದುಗರ ಪತ್ರಗಳು ಬಂದವು. ರಾಕ್ಷಸ ಊರು ಉಳಿಸಿದ್ದು ಯಾಕೆ? ಆ ಒಂದು ನೋಟದಲ್ಲಿ ಅವನು ಏನು ಕಂಡ? ಒಬ್ಬಾಕೆ ಆ ಸಾಲು ಓದಿ ಎರಡು ದಿನ ಅತ್ತಳಂತೆ. ಆಮೇಲೆ ಒಬ್ಬ ವಿಮರ್ಶಕರು ಪತ್ರಿಕೆಯ ಅರ್ಧ ಪುಟ ತುಂಬ ಬರೆದರು. ಒಳಿತು ಕೆಡುಕುಗಳ ನಡುವಿನ ಗೆರೆಯನ್ನು ಒಂದೇ ಕ್ರಿಯಾಪದದಿಂದ ಒರೆಸಿಹಾಕಿದ ಕೃತಿ ಎಂದರು. ಮುನ್ನೂರ ಹನ್ನೊಂದು ಪುಟ ಬೇಕೆಂದೇ ಸಪ್ಪೆಯಾಗಿ ಬರೆದದ್ದು ಈ ಒಂದು ಸಾಲಿನ ಸಿಡಿತಕ್ಕಾಗಿ ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಿಂದೆಯೂ ಇದ್ದರು. ಇವರು ಕರುವಿಗೆ ಹೆಸರಿಟ್ಟು, ಅದರ ಕಣ್ಣಿನಲ್ಲಿ ಆಧುನಿಕ ಮನುಷ್ಯನ ತಳಮಳವನ್ನೂ ಕಂಡುಬಿಟ್ಟರು.

ಲೇಖಕ ಮಹಾಶಯರ ಮಾನ ಹೋಗಿತ್ತಲ್ಲ, ಅದು ಗಾಡಿ ಮಾಡಿಕೊಂಡು ವಾಪಸು ಬಂತು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು. ಸಂದರ್ಶನದಲ್ಲಿ ಅವರು ಕಣ್ಣು ಅರ್ಧ ಮುಚ್ಚಿ, "ಆ ಒಂದು ಶಬ್ದಕ್ಕೆ ನಾನು ಮೂರು ತಿಂಗಳು ಕಾದೆ" ಎಂದರು. ಮೂರನೇ ಸಂಪುಟದ ಸುಟ್ಟ ಪಟ್ಟಣವನ್ನು ಹರಿದು ಬುಟ್ಟಿಗೆ ಹಾಕಿ, ರಾಕ್ಷಸನ ಬಾಲ್ಯ ಬರೆಯಲು ಕೂತರು. ಗೋದಾಮಿನ ಇಲಿಗಳು ಹಾಸಿಗೆ ಕಳೆದುಕೊಂಡವು. ಎರಡನೇ ಮುದ್ರಣ ಆಯಿತು, ಮೂರನೆಯದೂ ಆಯಿತು. ಯಜಮಾನರು ನನ್ನ ಹೆಗಲ ಮೇಲೆ ಕೈ ಇಟ್ಟು, "ಆ ಪುಟ ಒಂದನ್ನ ಮುಟ್ಟಬೇಡಪ್ಪ" ಎಂದರು.

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಸರ್, ಹಾಗಾದ್ರೆ ಕೊಂಬಕ್ಕನ್ನ ವಾಪಸು ಕರೀಬಹುದಲ್ವಾ? ತಪ್ಪಿನಿಂದ ಒಳ್ಳೇದೇ ಆಯ್ತಲ್ಲ."

"ಯಾವ ತಪ್ಪು?" ಎಂದರು ಯಜಮಾನರು. "ಅದು ತಪ್ಪು ಅಂತ ಹೊರಗೆ ಗೊತ್ತಾದ್ರೆ ಲೇಖಕರ ಗತಿ ಏನು? ನಮ್ಮ ಗತಿ ಏನು? ಪ್ರಪಂಚ ಕಪ್ಪು ಬಿಳುಪಲ್ಲ ಮಾರಾಯ, ಬೂದು ಬಣ್ಣ. ಓದಿಲ್ವಾ ನೀನು?"

ಬೂದಿನ ಉಪಯೋಗ ನನಗೆ ಅವತ್ತು ಪೂರ್ತಿ ಅರ್ಥವಾಯಿತು. ಒಳ್ಳೆಯವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಕೈಗೆ ಮಸಿ ಹತ್ತಿದವರಿಗೆ ಒರೆಸಿಕೊಳ್ಳಲು ಒಂದು ಬಟ್ಟೆ ಬೇಕಲ್ಲ, ಅದಕ್ಕೆ ಬೂದು ಬಣ್ಣ ಅನುಕೂಲ. ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ನಾನು ಏನು ಮಾಡಿದೆ? ಆಗಲಿ ಸರ್ ಎಂದು ಹೋಗಿ ಕೆಲಸ ಮಾಡಿದೆ. ಲೇಖಕರನ್ನೂ ಯಜಮಾನರನ್ನೂ ಮನಸ್ಸಿನಲ್ಲೇ ಬೈದುಕೊಂಡು ಸಂಜೆ ಮನೆಗೆ ಹೋಗಿ ಚೆನ್ನಾಗಿ ಉಂಡೆ. ಇನ್ನೊಬ್ಬರನ್ನು ಬೈಯುವುದರಲ್ಲಿ ಒಂದು ಸುಖವಿದೆ, ತನ್ನ ಸರದಿ ಮುಂದಕ್ಕೆ ಹೋಗುತ್ತದೆ.

ಕೊಂಬಕ್ಕನ ತಮ್ಮನ ಹೆಂಡತಿ ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕೇಳದಿದ್ದರೂ ಹೇಳಿದಳು. "ಏನಿರ್ತಾರೆ, ಮೇಲೆ ಕೂತಿರ್ತಾರೆ. ಎರಡಿತ್ತು, ಎರಡಿತ್ತು ಅಂತ ಒಂದೇ ಜಪ. ಇಪ್ಪತ್ತಾರು ವರ್ಷ ಓದಿ ಓದಿ ಕೊನೆಗೆ ಕಣ್ಣೆದುರಿನ ಒಂದಕ್ಷರ ಕಾಣಲಿಲ್ಲ ಅಂದ್ರೆ ಜನ ನಗಲ್ವಾ? ಮಕ್ಕಳ ಚೀಟಿ ಈಗ ನಾನೇ ನೋಡ್ತೀನಿ. ಅವರಿಗೆ ಯಾಕೆ ತೊಂದರೆ ಅಂತ."

ಕೆಲಸ ಹೋದದ್ದಕ್ಕಿಂತ ಆ ಚೀಟಿ ಮಹಡಿ ಹತ್ತದೇ ಇದ್ದದ್ದು ಕೊಂಬಕ್ಕನಿಗೆ ಹೆಚ್ಚು ನೋವು ಕೊಟ್ಟಿರುತ್ತದೆ ಎಂದು ನನಗೆ ಗೊತ್ತಿತ್ತು.

ಆ ಹಾಳೆ ಇನ್ನೂ ನನ್ನ ಬಳಿಯೇ ಇತ್ತು. ಹರಿದು ಹಾಕಬಹುದಿತ್ತು. ಹಾಕಲಿಲ್ಲ. ಹಳೆಯ ಸ್ವೆಟರಿನ ಕೆಳಗೆ ಇಟ್ಟಿದ್ದೆ. ಹರಿಯಲೂ ಧೈರ್ಯವಿಲ್ಲ, ತೋರಿಸಲೂ ಧೈರ್ಯವಿಲ್ಲ ಎನ್ನುವ ಜಾತಿಯವನು ನಾನು.

ನನ್ನ ಮಗಳು ಒಂಬತ್ತನೇ ತರಗತಿ. ಕರಿಗವಿಯ ಒಡೆಯನ ಭಕ್ತೆ. ತನ್ನ ನೋಟುಪುಸ್ತಕದ ಮೇಲೆ ಅವನ ಚಿತ್ರ ಬರೆದುಕೊಂಡಿದ್ದಳು, ಎರಡು ಕೊಂಬು, ಕಣ್ಣಲ್ಲಿ ಒಂದು ಹನಿ. ಒಂದು ಭಾನುವಾರ ಬೆಳಿಗ್ಗೆ ಸ್ವೆಟರ್ ಹುಡುಕುತ್ತಾ ಕಪಾಟಿಗೆ ಕೈ ಹಾಕಿದಳು. ನಾನು ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ಅವಳು ಹಿಂದೆ ಬಂದು ನಿಂತದ್ದು ಕಾಣಿಸಿತು, ಕೈಯಲ್ಲಿ ಹಾಳೆ ಇತ್ತು.

"ಅಪ್ಪಾ, ಇಲ್ಲಿ ಅಳಿಸಿದ ಅಂತ ತಿದ್ದಿದೆ."

"ಹೂಂ."

"ಹಾಗಾದ್ರೆ ಅವನು ಊರು ಉಳಿಸಲೇ ಇಲ್ವಾ?"

"ಇಲ್ಲ ಮಗಳೇ. ಸುಟ್ಟ."

ಅವಳ ಮುಖ ಚಿಕ್ಕದಾಯಿತು. ಅಳುತ್ತಾಳೆ ಎಂದುಕೊಂಡೆ. ಅವಳು ಹಾಳೆಯನ್ನು ಮತ್ತೆ ನೋಡಿದಳು. ಹುಡುಗಿ ಜಾಣೆ, ಆ ಜಾಣತನ ತಾಯಿಯ ಕಡೆಯದು.

"ಇದು ಕೊಂಬಜ್ಜಿ ಬರೆದಿದ್ದಲ್ವಾ? ಯಾವುದೋ ತಪ್ಪು ಅವರ ಕಣ್ಣಿಗೆ ಬೀಳಲಿಲ್ಲ, ಅದಕ್ಕೇ ಕೆಲಸದಿಂದ ತೆಗೆದ್ರು ಅಂದಿದ್ದೆ ನೀನು."

ಕೆನ್ನೆಯ ಮೇಲೆ ಸೋಪು ಒಣಗುತ್ತಿತ್ತು.

"ಅವರ ಕಣ್ಣಿಗೆ ಬಿದ್ದಿದೆಯಲ್ಲ" ಎಂದಳು. ಆಮೇಲೆ ನನ್ನನ್ನು ಕನ್ನಡಿಯಲ್ಲೇ ನೋಡುತ್ತಾ, ಬಹಳ ಮೆಲ್ಲಗೆ, "ಹೋಗಲಿ ಬಿಡಪ್ಪ. ನೀನೂ ಪೂರ್ತಿ ಕೆಟ್ಟವನಲ್ಲ. ಯಾರೂ ಪೂರ್ತಿ ಕೆಟ್ಟವರಲ್ಲ. ಪುಸ್ತಕದಲ್ಲಿ ಇದೆಯಲ್ಲ" ಎಂದಳು.

ಸಮಾಧಾನಕ್ಕೆಂದೇ ಹೇಳಿದಳು ಪಾಪ. ಕೆನ್ನೆಗೆ ಬಾರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನನ್ನದೊಂದು ಬೆರಳಿನ ತಪ್ಪು ಊರೆಲ್ಲ ಸುತ್ತಿ ಉಪದೇಶವಾಗಿ, ನನ್ನ ಮನೆಯ ಕನ್ನಡಿಯಲ್ಲಿ, ನನ್ನ ಮಗಳ ಬಾಯಿಂದ ನನಗೇ ಕ್ಷಮೆ ನೀಡುತ್ತಿತ್ತು. ನನಗೆ ಅಸಹ್ಯವಾಯಿತು. ಅರ್ಧ ಕ್ಷೌರದಲ್ಲೇ ಮುಖ ತೊಳೆದು ಅಂಗಿ ಹಾಕಿಕೊಂಡು ಹೊರಟೆ.

ಕೊಂಬಕ್ಕನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಕಿಟಕಿಗೆ ಹೊಂದಿಸಿದ ಮೇಜು. ಮೇಜಿನ ಮೇಲೆ ಅಳತೆಪಟ್ಟಿ, ಪೆನ್ಸಿಲ್, ಲೋಟ. ಓದಲು ಏನೂ ಇರಲಿಲ್ಲ. ನನ್ನ ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಪೊದೆ. ಅದನ್ನು ನೋಡಿ, "ಒಂದು ಕಡೆ ತಿದ್ದೋದು ಬಿಟ್ಟುಹೋಗಿದೆ" ಎಂದರು. ನಗಲಿಲ್ಲ.

ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡರು, ಅಭ್ಯಾಸಬಲದಿಂದ ಅಳತೆಪಟ್ಟಿಯನ್ನು ಒಂಬತ್ತನೇ ಸಾಲಿನ ಕೆಳಗಿಟ್ಟರು. ಆ ಅ ಮೇಲೆ ಬೆರಳಿಟ್ಟರು.

"ಎರಡಿತ್ತು" ಎಂದರು. "ನಾನೇ ಅನುಮಾನ ಪಡೋಕೆ ಶುರುಮಾಡಿದ್ದೆ. ಕಣ್ಣು ನಿಜವಾಗ್ಲೂ ಹೋಯ್ತೇನೋ ಅಂತ." ಆಮೇಲೆ ಕೇಳಿದರು, "ಇದು ಎಷ್ಟು ದಿನದಿಂದ ನಿನ್ನ ಹತ್ರ ಇದೆ?"

"ಮೊದಲ ದಿನದಿಂದ ಅಕ್ಕ. ಕಟ್ಟು ತರೋಕೆ ಹೋದಾಗಲೇ ತೆಗೆದೆ."

ಅಷ್ಟು ದಿನ ಅವರು ನನ್ನನ್ನು ಮರೆವಿನವನು ಎಂದುಕೊಂಡಿದ್ದರು. ಆ ಕ್ಷಣ ಅವರ ಕಣ್ಣಲ್ಲಿ ನಾನು ಯಾರು ಎನ್ನುವುದು ಬದಲಾದದ್ದು ನನಗೆ ಕಾಣಿಸಿತು. ನಾನು ಕೈ ಮುಗಿದೆ. ತಪ್ಪಾಯ್ತು ಎಂದೆ. ಹೆದರಿಕೆ, ಹೆಂಡತಿ, ಮಗಳು, ಹಿಂದಿನ ವರ್ಷದ ಎಚ್ಚರಿಕೆ, ಎಲ್ಲ ಹೇಳಿದೆ. ರಾಕ್ಷಸನಿಗೆ ಬಾಲ್ಯ ಬರೆಯುವವರನ್ನು ಅಷ್ಟು ಆಡಿಕೊಂಡಿದ್ದೆನಲ್ಲ, ನನ್ನ ಸರದಿ ಬಂದಾಗ ನಾನೂ ಅದನ್ನೇ ಬಿಚ್ಚಿದೆ. ಕೊನೆಗೆ, "ಇರಲಿ ಅನ್ನಿ ಅಕ್ಕ. ಒಂದು ಸಲ ಇರಲಿ ಅಂದ್ಬಿಡಿ" ಎಂದೆ.

ಕೊಂಬಕ್ಕ ಕನ್ನಡಕ ತೆಗೆದರು.

"ಹನ್ನೊಂದು ವರ್ಷ ನನ್ನ ಹಾಳೆ ನೋಡಿದೀಯಾ, ಇರಲಿ ಅಂತ ಯಾವಾಗ ಬರೀತಾರೆ ಅಂತ ಗೊತ್ತಿಲ್ವಾ? ಸರಿ ಇದ್ದಿದ್ದನ್ನ ನಾನು ತಪ್ಪು ಅಂದಿದ್ರೆ ಮಾತ್ರ ಇರಲಿ. ಇದು ತಪ್ಪು. ತಪ್ಪಿನ ಕೆಳಗೆ ನಾನು ಚುಕ್ಕಿ ಇಡಲ್ಲ."

"ಮತ್ತೆ ಏನು ಮಾಡಲಿ?"

"ಅಚ್ಚಾದ ತಪ್ಪಿಗೆ ಏನು ಮಾಡ್ತಾರೆ? ತಪ್ಪು–ಒಪ್ಪು ಹಾಕ್ತಾರೆ."

ಹಳೆಯ ಪುಸ್ತಕಗಳ ಕೊನೆಯಲ್ಲಿ ಅದೊಂದು ಪುಟ ಇರುತ್ತಿತ್ತು. ಎಡಗಡೆ ತಪ್ಪು, ಬಲಗಡೆ ಒಪ್ಪು, ಪುಟ, ಸಾಲು. ತಪ್ಪು ಮಾಡಿದವರಿಗೆ ನಾಚಿಕೆ ಇದ್ದ ಕಾಲದ ಪದ್ಧತಿ. ನಾಚಿಕೆ ಹೋಯಿತು, ಪುಟವೂ ಹೋಯಿತು.

ನಾಲ್ಕನೇ ಮುದ್ರಣದ ಫೈಲು ಆ ವಾರವೇ ಹೋಗಬೇಕಿತ್ತು. ಪುಸ್ತಕ ಹದಿನಾರು ಹದಿನಾರು ಪುಟದ ಮಡಿಕೆಗಳಲ್ಲಿ ಅಚ್ಚಾಗುವುದರಿಂದ ಕೊನೆಯಲ್ಲಿ ಕೆಲವು ಪುಟ ಖಾಲಿ ಉಳಿದಿದ್ದವು. ಮುನ್ನೂರ ಹನ್ನೆರಡನ್ನು ನಾನು ಮುಟ್ಟಲಿಲ್ಲ, ಯಜಮಾನರ ಆಜ್ಞೆ ಪಾಲಿಸಿದೆ. ಮುನ್ನೂರ ಹದಿಮೂರರಲ್ಲಿ ಹೀಗೆ ಹಾಕಿದೆ:

'ತಪ್ಪು–ಒಪ್ಪು. ಪುಟ 312, ಸಾಲು 9. ತಪ್ಪು: ಉಳಿಸಿದ. ಒಪ್ಪು: ಅಳಿಸಿದ. ಕರಡು ತಿದ್ದಿದವರು ಇದನ್ನು ಅಚ್ಚಿಗೆ ಮೊದಲೇ ತಿದ್ದಿದ್ದರು. ಅಕ್ಷರ ಜೋಡಿಸಿದ ನಾನು ಹಾಕಲಿಲ್ಲ. ಕೇಳಿದಾಗ ಸುಳ್ಳು ಹೇಳಿದೆ. ತಿದ್ದಿದ ಹಾಳೆಯನ್ನು ಬಚ್ಚಿಟ್ಟೆ.'

ಯಜಮಾನರಿಗೆ ಗೊತ್ತಾಗುವಷ್ಟರಲ್ಲಿ ಪುಸ್ತಕ ಅಂಗಡಿಗಳಿಗೆ ಹೋಗಿತ್ತು. ನನ್ನನ್ನು ಕರೆಸಿ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಎಸೆಯಲು ಎತ್ತಿದರು, ಮತ್ತೆ ಅದರ ಬೆಲೆ ನೆನಪಾಗಿ ಕೆಳಗಿಟ್ಟರು. ಲೇಖಕ ಮಹಾಶಯರು ಫೋನಿನಲ್ಲಿ, "ನನ್ನ ರಾಕ್ಷಸನನ್ನ ಕೊಂದೆ" ಎಂದರು. ನಾನು ಕೆಲಸ ಕಳೆದುಕೊಂಡು ಅವತ್ತೇ ಮನೆಗೆ ಬಂದೆ.

ಊರು ನಂಬಿತೆಂದುಕೊಂಡಿರಾ? ಅದೇ ವಿಮರ್ಶಕರು ಮತ್ತೆ ಅರ್ಧ ಪುಟ ಬರೆದರು. ತಪ್ಪು–ಒಪ್ಪು ಎಂಬ ಹಳೆಯ ರೂಪವನ್ನು ಬಳಸಿ, ತಪ್ಪೊಪ್ಪಿಕೊಳ್ಳುವ ಒಬ್ಬ ಕಾಲ್ಪನಿಕ ಅಕ್ಷರ ಜೋಡಣೆಗಾರನನ್ನು ಸೃಷ್ಟಿಸಿ, ಲೇಖಕರು ಗೆರೆಯನ್ನು ಇನ್ನಷ್ಟು ಮಸುಕುಗೊಳಿಸಿದ್ದಾರಂತೆ. ನಾನು ಕಾಲ್ಪನಿಕ! ಕೊಂಬಕ್ಕ ಒಂದು ರೂಪಕ! ಮಹಾಶಯರು ಮುಂದಿನ ಸಂದರ್ಶನದಲ್ಲಿ ಅರ್ಧ ಕಣ್ಣು ಮುಚ್ಚಿದರು. ಇಂಥವರಿಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೆ, ಬೆಂಕಿ ಇಲ್ಲಿ ಯಾವುದರ ಸಂಕೇತ ಎಂದು ಕೇಳುತ್ತಾರೆ. ಉರಿಯಲಿ ಬಿಡಿ.

ಆದರೆ ನಂಬಬೇಕಾದ ಒಂದು ಮನೆ ನಂಬಿತು. ನಾನು ಪುಸ್ತಕ ಹಿಡಿದು ಹೋದಾಗ ಬಾಗಿಲು ತೆಗೆದದ್ದು ತಮ್ಮನ ಹೆಂಡತಿ. ಮುನ್ನೂರ ಹದಿಮೂರನೇ ಪುಟವನ್ನು ಬಾಗಿಲಲ್ಲೇ ನಿಂತು ಓದಿದಳು. ಮತ್ತೊಮ್ಮೆ ಓದಿದಳು. ನನ್ನನ್ನು ನೋಡಿ, "ಥೂ" ಎಂದಳು. ಇಷ್ಟು ನೇರವಾದ ವಿಮರ್ಶೆ ಆ ಪುಸ್ತಕಕ್ಕೆ ಎಲ್ಲಿಯೂ ಬಂದಿರಲಿಲ್ಲ. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ಜೋರಾಗಿ, ಬೀದಿಗೂ ಕೇಳುವ ಹಾಗೆ, "ಅತ್ತಿಗೇ, ಎರಡಿತ್ತಂತೆ! ಅಚ್ಚಾಗಿ ಬಂದಿದೆ!" ಎಂದು ಕೂಗಿದಳು. ಒಳಗೆ ಹೋಗಿ ಮಗುವಿನ ಶಾಲೆಯ ಚೀಟಿ ತಂದು ನನ್ನ ಕೈಗೆ ತುರುಕಿ, "ಮೇಲೆ ಹೋಗ್ತಿದೀರಲ್ಲ, ಇದನ್ನೂ ಕೊಡಿ. ಒಂದು ಸಲ ನೋಡಿಬಿಡಲಿ" ಎಂದಳು.

ಕೊಂಬಕ್ಕ ಮೊದಲು ಚೀಟಿ ನೋಡಿದರು. ಎರಡು ಕೊಂಬು ಹಾಕಿ, ಒಂದು ದೀರ್ಘ ತೆಗೆದು, ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಪುಟ ತೆಗೆದುಕೊಂಡರು. ಅಳತೆಪಟ್ಟಿ ಇಟ್ಟು, ತುಟಿಯಾಡಿಸುತ್ತಾ, ಒಂದೊಂದೇ ಸಾಲು ಜರುಗಿಸಿದರು. 'ಸುಳ್ಳು' ಎಂಬಲ್ಲಿ ನಿಂತರು. ಒತ್ತು, ಕೊಂಬು ಎರಡೂ ಇದ್ದವು. ಮುಂದೆ ಹೋದರು. ಪುಟದ ಅಡಿಯಲ್ಲಿ ಕೆಂಪು ಪೆನ್ಸಿಲಿನಲ್ಲಿ 'ಸರಿ' ಎಂದು ಬರೆದರು.

ನನಗೆ ಆಸೆ ಹುಟ್ಟಿತು. "ಹಾಗಾದ್ರೆ ಅಕ್ಕ, ನಾನು?" ಎಂದೆ.

ಅವರು ಬ್ಲೇಡು ತೆಗೆದುಕೊಂಡು ಪೆನ್ಸಿಲ್ ಹೆರೆಯತೊಡಗಿದರು.

"ಈ ಪುಟ ಸರಿ ಇದೆ" ಎಂದರು. "ನಿನ್ನದು ಇನ್ನೂ ಮೊದಲನೇ ಕರಡು."